ಟಿಕೆಟ್ ಕೊಂಡಾಯಿತು, ಕೈಗೆ ಬಂತೇ? - ಬ್ರಿಟನ್ ರೈಲು ಪ್ರಯಾಣಿಕರಿಗೆ ಮಾಹಿತಿ

ಯುಗಾದಿ, ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮಗಳಿಗೆ ಒಂದೂರಿನಿಂದ ಇನ್ನೊಂದೂರಿಗೆ ರೈಲಿನಲ್ಲಿ ಓಡಾಡುವ ಕುಟುಂಬಗಳು ನಮ್ಮಲ್ಲಿ ಬಹಳ. ಬೇಸಿಗೆಯಲ್ಲಿ ಊರಿನಿಂದ ಬರುವ ಅಪ್ಪ-ಅಮ್ಮನಿಗೂ ನಾವೇ ಅಂತರ್ಜಾಲದಲ್ಲಿ ಟಿಕೆಟ್ ಕೊಳ್ಳುತ್ತೇವೆ. ಭಾರತದಲ್ಲಾದರೆ 2012ರಿಂದ ಐಆರ್‌ಸಿಟಿಸಿಯ ಎಸ್ಸೆಮ್ಮೆಸ್ ಜೊತೆಗೆ ಗುರುತಿನ ಚೀಟಿ ತೋರಿಸಿದರೆ ಸಾಕು. ಇಲ್ಲಿ ಹಾಗಲ್ಲ. ಹಣ ಸಂದಾಯವಾಗಿದೆ ಎಂಬ ಈಮೇಲ್ ಟಿಕೆಟ್ ಅಲ್ಲ. ಇದು ತಿಳಿಯದೆ ರೈಲು ಹತ್ತಿದರೆ ದಂಡ ತೆರಬೇಕಾದೀತು.

ಕೊಳ್ಳುವಾಗ

ರೈಲು ಕಂಪನಿಗಳ ಸ್ವಂತ ವೆಬ್‌ಸೈಟಿನಲ್ಲಿ ಬುಕಿಂಗ್ ಶುಲ್ಕವಿಲ್ಲ. ಒಂದು ಕಂಪನಿಯ ವೆಬ್‌ಸೈಟಿನಲ್ಲೇ ಬೇರೆ ಕಂಪನಿಗಳ ರೈಲಿಗೂ ಟಿಕೆಟ್ ಸಿಗುತ್ತದೆ. 'ಅಡ್ವಾನ್ಸ್' ಟಿಕೆಟ್ ಅಗ್ಗ. ಆದರೆ ಬುಕ್ ಮಾಡಿದ ರೈಲಿಗೆ ಮಾತ್ರ ಸಲ್ಲುತ್ತದೆ, ಪ್ರಯಾಣ ಬೇಡವೆಂದರೆ ಸಾಮಾನ್ಯವಾಗಿ ಹಣ ವಾಪಸ್ಸಿಲ್ಲ.

60 ದಾಟಿದ ಹಿರಿಯರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ. ಹೆಚ್ಚಿನ ಟಿಕೆಟ್‌ಗಳಿಗೆ ಮೂರನೇ ಒಂದು ಭಾಗ ರಿಯಾಯಿತಿ. 5ರಿಂದ 15 ವಯಸ್ಸಿನ ಮಕ್ಕಳಿರುವವರಿಗೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಲಾಭಕರ, ಮಕ್ಕಳಿಗೆ ಶೇ. 60 ರಿಯಾಯಿತಿ. ಆದರೆ ರಿಯಾಯಿತಿ ಪಡೆದ ಮೇಲೆ ಕಾರ್ಡ್ ಪ್ರಯಾಣದ ವೇಳೆ ಜೊತೆಯಲ್ಲೇ ಇರಬೇಕು. ಮನೆಯಲ್ಲಿದ್ದರೆ ಪ್ರಯೋಜನವಿಲ್ಲ.

ಸ್ಟೇಷನ್ನಿನಲ್ಲಿ ಪಡೆಯುವಾಗ

ಈಮೇಲಿನಲ್ಲಿ 8 ಅಕ್ಷರ-ಅಂಕಿಗಳ ಸಂಕೇತ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಮೆಷಿನ್ ಬ್ಯಾಂಕ್ ಕಾರ್ಡನ್ನೂ ಕೇಳಬಹುದು. ಕೆಲವು ಕಡೆ ಹಣ ಕಟ್ಟಿದ ಅದೇ ಕಾರ್ಡ್ ಬೇಕಾಗುವುದರಿಂದ, ಬೇರೆಯವರಿಗೆ ಕೊಳ್ಳುವಾಗ ಈಮೇಲಿನ ಸೂಚನೆ ಪೂರ್ತಿ ಓದಿ. ಕೊಂಡ ತಕ್ಷಣ ಟಿಕೆಟ್ ಮೆಷಿನ್ನಿಗೆ ಬಂದಿರುವುದಿಲ್ಲ, ಸ್ವಲ್ಪ ಸಮಯ ಹಿಡಿಯಬಹುದು. ಸಣ್ಣ ಸ್ಟೇಷನ್‌ಗಳಲ್ಲಿ ಮೆಷಿನ್ನೇ ಇಲ್ಲದಿರಬಹುದು. ಆದ್ದರಿಂದ ಹಿಂದಿನ ದಿನವೇ ಹತ್ತಿರದ ದೊಡ್ಡ ಸ್ಟೇಷನ್ನಿನಲ್ಲಿ ಪಡೆಯುವುದು ಕ್ಷೇಮ.

ಹೋಗುವ ಟಿಕೆಟ್, ಬರುವ ಟಿಕೆಟ್, ಸೀಟಿನ ಚೀಟಿ, ರಸೀದಿ ಎಂದು ಮೆಷಿನ್ ಒಂದೊಂದಾಗಿ ಹಲವು ಚೀಟಿ ಕೊಡುತ್ತದೆ. ಎಲ್ಲವೂ ಬರುವವರೆಗೆ ಕಾಯಿರಿ. ರಸೀದಿಯಾಗಲೀ ಸೀಟಿನ ಚೀಟಿಯಾಗಲೀ ಪ್ರಯಾಣಕ್ಕೆ ಸಲ್ಲದು.

ಇ-ಟಿಕೆಟ್

ಸಿಗುವ ಕಡೆ ಇದೇ ಸುಲಭ, ಮೆಷಿನ್ನಿನ ಗೋಜಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬಾರ್‌ಕೋಡ್ ಇರುತ್ತದೆ. ಮೊಬೈಲ್ ಚಾರ್ಜ್ ಮುಗಿದರೆ ಹೊಣೆ ಪ್ರಯಾಣಿಕರದೇ. ಹಿರಿಯರು ತಾವೇ ಪ್ರಯಾಣ ಮಾಡುವುದಾದರೆ ಎ4 ಕಾಗದದಲ್ಲಿ ಮುದ್ರಿಸಿ ಕೈಗೆ ಕೊಡಿ.

ತೊಂದರೆಯಾದರೆ

ಮೆಷಿನ್ ಕೆಟ್ಟಿದ್ದರೆ ಅದರ ಫೋಟೋ ತೆಗೆದುಕೊಳ್ಳಿ. ರೈಲು ಹತ್ತುವ ಮೊದಲು ಸಿಬ್ಬಂದಿಗೆ ತಿಳಿಸಿ. ಇಂಗ್ಲೆಂಡಿನಲ್ಲಿ 2023ರ ಜನವರಿ 23ರಿಂದ ಪೆನಾಲ್ಟಿ ಫೇರ್ 100 ಪೌಂಡ್, ಜೊತೆಗೆ ಟಿಕೆಟ್ ದರ. 21 ದಿನಗಳೊಳಗೆ ಕಟ್ಟಿದರೆ ದಂಡ 50 ಪೌಂಡ್. ಮೇಲ್ಮನವಿಗೂ 21 ದಿನಗಳ ಅವಕಾಶವಿದೆ. ಈಮೇಲ್ ಮತ್ತು ಫೋಟೋ ಆಗ ನೆರವಿಗೆ ಬರುತ್ತವೆ.

ರೈಲು ತಡವಾದರೆ 'ಡಿಲೇ ರಿಪೇ' ಪರಿಹಾರವಿದೆ. ಹಲವು ಕಂಪನಿಗಳಲ್ಲಿ 15 ನಿಮಿಷದಿಂದ, ಉಳಿದವುಗಳಲ್ಲಿ 30 ನಿಮಿಷದಿಂದ. 28 ದಿನಗಳೊಳಗೆ ಅರ್ಜಿ ಹಾಕಬೇಕು. ಟಿಕೆಟ್ಟನ್ನು ಅಲ್ಲಿಯತನಕ ಎಸೆಯಬೇಡಿ.

ಊರಿನಿಂದ ಬಂದ ಹಿರಿಯರಿಗೆ ಟಿಕೆಟ್ ಕೊಡುವಾಗ ಯಾವುದನ್ನು ಗೇಟಿನಲ್ಲಿ, ಯಾವುದನ್ನು ರೈಲಿನಲ್ಲಿ ತೋರಿಸಬೇಕೆಂದು ಒಮ್ಮೆ ಹೇಳಿಕೊಡಲು ಮರೆಯದಿರಿ. ಎಲ್ಲರಿಗೂ ಸುಖಪ್ರಯಾಣ!