ಗೋಪ್ಯತೆ (ಸಮಾಜಕಾರ್ಯದಲ್ಲಿ)

ನೆರವು ಕೋರಿ ಬಂದವರು ಹೇಳಿಕೊಂಡ ಖಾಸಗಿ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬ ವೃತ್ತಿನೀತಿ. ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ನಿರೂಪಿಸಿದ ವ್ಯಕ್ತಿಗತ ಸಮಾಜಕಾರ್ಯದ ಏಳು ತತ್ತ್ವಗಳಲ್ಲಿ ಇದೂ ಒಂದು. ಆಡಿದ ಮಾತು ಹೊರಬೀಳದೆಂಬ ಭರವಸೆಯಿಲ್ಲದೆ ಯಾರೂ ಮನಬಿಚ್ಚುವುದಿಲ್ಲ. ಆದರೂ ಪ್ರಾಣಾಪಾಯವಿದ್ದಾಗ ಈ ನಿಯಮವನ್ನು ಮೀರಬಹುದು.

ಭಾರತದಲ್ಲಿ ಗೋಪ್ಯತೆಯ ಮಿತಿ ಎಲ್ಲಿಯವರೆಗೆ ಎಂಬ ಪ್ರಶ್ನೆ ತೀವ್ರವಾಗುವುದು 2012ರ ಪೋಕ್ಸೊ ಕಾಯ್ದೆಯ ಎದುರು. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧದ ಬಗ್ಗೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ ಅದರ 19ನೇ ಕಲಂ. ತಪ್ಪಿದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಮನೆಯೊಳಗೇ ದೌರ್ಜನ್ಯಕ್ಕೆ ಸಿಕ್ಕ ಮಗುವಿನ ವಿಷಯದಲ್ಲಿ ಈ ಕಡ್ಡಾಯ ನ್ಯಾಯವೇ ಸರಿ. ಆದರೆ ತಾನಾಗಿ ಒಪ್ಪಿದ ಸಂಬಂಧದಿಂದ ಗರ್ಭಿಣಿಯಾದ ಹದಿನೇಳರ ಹುಡುಗಿ ‘ಯಾರಿಗೂ ಹೇಳಬೇಡಿ ಅಕ್ಕಾ’ ಎಂದು ಬಂದಾಗ ಕಾರ್ಯಕರ್ತೆ ಇಕ್ಕಟ್ಟಿಗೆ ಸಿಲುಕುತ್ತಾಳೆ. ದೂರು ಹೋದರೆ ಹುಡುಗನ ಬಂಧನವಾಗಬಹುದು. ಆ ಭಯಕ್ಕೆ ಆಕೆ ಆಸ್ಪತ್ರೆಯತ್ತ ಸುಳಿಯದೆ ಕಳ್ಳ ಗರ್ಭಪಾತಕ್ಕೆ ಮೊರೆಹೋಗಬಹುದು. ಅಪ್ರಾಪ್ತೆಯೂ ಪೋಷಕರೂ ಕೋರಿದರೆ ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತು ತಿಳಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಆ ಮಾತು ನೋಂದಾಯಿತ ವೈದ್ಯರಿಗಷ್ಟೇ ಸಂಬಂಧಿಸಿದ್ದು. ಹಾಗಾಗಿ ಸಮಾಜಕಾರ್ಯಕರ್ತರು ಯಾವುದನ್ನು ಗುಟ್ಟಾಗಿಡಲಾಗದೆಂಬುದನ್ನು ಮೊದಲ ಭೇಟಿಯಲ್ಲೇ, ಆಕೆ ತನ್ನ ಕಥೆ ಹೇಳತೊಡಗುವ ಮುನ್ನವೇ, ಆಡುಮಾತಿನಲ್ಲಿ ತಿಳಿಸಬೇಕಾಗುತ್ತದೆ.