ಸಾಲೋಟಗಿಯ ಕಲ್ಲು, ಶ್ರಾವಣದ ಪುರಾಣ ಮತ್ತು ಒಬ್ಬ ಅಜ್ಜಿಯ ಪ್ರಶ್ನೆ

ಶ್ರಾವಣ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಯ ಊರುಗಳಲ್ಲಿ ಸಂಜೆಯಾಗುತ್ತಲೇ ಮೈಕಿನ ಸದ್ದು ಶುರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲೂಕಿಗೆ ಬೇಕಾದರೂ ಹೋಗಿ, ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚಿರುತ್ತಾರೆ. ಒಬ್ಬರು ಹಾರ್ಮೋನಿಯಂ ಹಿಡಿದು ಪದ್ಯ ಓದುತ್ತಾರೆ, ಪುರಾಣಿಕರು ಅದಕ್ಕೆ ಅರ್ಥ ಹೇಳುತ್ತಾರೆ. ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ, ಹೇಮರಡ್ಡಿ ಮಲ್ಲಮ್ಮನ ಪುರಾಣ, ಹೀಗೆ ಊರಿಗೊಂದು. ದಿನಕ್ಕೆ ಇಷ್ಟು ಭಾಗ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಹುಟ್ಟಿದ ಪ್ರಸಂಗ ಬಂದ ದಿನ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ತೂಗುತ್ತಾರೆ. ಮದುವೆಯ ಪ್ರಸಂಗದ ದಿನ ಅಕ್ಕಿಕಾಳು. ಕೊನೆಯ ದಿನ ಮಹಾಮಂಗಲ, ಪಲ್ಲಕ್ಕಿ, ಊರಿಗೆಲ್ಲ ಪ್ರಸಾದ.

ನಾನು ವೃತ್ತಿಯಲ್ಲಿ ಸಿವಿಲ್ ಎಂಜಿನಿಯರ್. ಶಾಸನ ಓದುವುದು ರಜೆಯ ದಿನದ ಹುಚ್ಚು. ಯಾವ ಗುರುಗಳ ಹತ್ತಿರವೂ ಕೂತು ಕಲಿತವನಲ್ಲ. ಎಪಿಗ್ರಾಫಿಯಾ ಇಂಡಿಕಾದ ಹಳೆಯ ಸಂಪುಟಗಳನ್ನು ಇಟ್ಟುಕೊಂಡು, ಕಲ್ಲಿನ ಮೇಲೆ ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸುತ್ತ ಕಲಿತದ್ದು. ಕೆಲವು ವರ್ಷದ ಹಿಂದೆ ಇಂಡಿ ತಾಲೂಕಿನ ಒಂದು ಊರಿಗೆ ಸಂಬಂಧಿಕರ ಮನೆಗೆ ಹೋಗಿದ್ದೆ. ಪುರಾಣ ನಡೆದಿತ್ತು. ಪುರಾಣಿಕರಿಗೆ ನನ್ನ ಹುಚ್ಚು ಗೊತ್ತಿತ್ತು. "ಸಾಹೇಬ್ರ, ನಿಮ್ಮ ಕಲ್ಲಿನ ಕಥಿ ಒಂದೀಟು ಹೇಳ್ರಿ" ಅಂತ ಮೈಕು ಕೈಗೆ ಕೊಟ್ಟೇಬಿಟ್ಟರು.

ಹತ್ತಿರದಲ್ಲೇ ಸಾಲೋಟಗಿ. ಹಾಗಾಗಿ ಅಲ್ಲಿಯ ಕಂಬದ ಶಾಸನದ ಕಥೆ ಹೇಳಿದೆ. ಸಾವಿರ ವರ್ಷದ ಹಿಂದೆ ಅಲ್ಲೊಂದು ದೊಡ್ಡ ಶಾಲೆ ಇತ್ತು, ಊರಿನ ಮನೆಮನೆಯವರೂ ಮದುವೆ ಮುಂಜಿವಿಗೆ ಕಾಣಿಕೆ ಕೊಟ್ಟು ಅದನ್ನು ನಡೆಸಿದರು, ನಾವೂ ಹಾಗೇ ನಮ್ಮ ಊರಿನ ಶಾಲೆ ಉಳಿಸಿಕೊಳ್ಳಬೇಕು, ಹೀಗೆ ಒಂದು ನೀತಿಯನ್ನೂ ಜೋಡಿಸಿದೆ. ಜನ ಚಪ್ಪಾಳೆ ತಟ್ಟಿದರು. ಆಗ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಅಜ್ಜಿ ಕೇಳಿದಳು:

"ತಮ್ಮಾ, ಮುಂಜಿವಿ ಇಲ್ಲದ ಮನಿಯಾವ್ರು ಏನ್ ಕೊಡ್ತಿದ್ರು? ಅವರ ಹುಡುಗೂರು ಎಲ್ಲಿ ಕೂಡ್ತಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಕ್ಕು ಮೈಕು ವಾಪಸ್ ಕೊಟ್ಟೆ.

ಕಲ್ಲು ಏನು ಹೇಳುತ್ತದೆ

ರಾತ್ರಿ ಮನೆಗೆ ಬಂದು ಶಾಸನದ ಪಾಠವನ್ನು ಮತ್ತೆ ತೆಗೆದೆ. ಶಕವರ್ಷ 867, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ, ಗಜಾಂಕುಶ ಎಂಬ ಹೆಸರೂ ಇದ್ದವನು, ಪಾವಿಟ್ಟಗೆ ಎಂಬ ಊರಿನಲ್ಲಿ ತ್ರಯೀಪುರುಷ ದೇವರ ಸನ್ನಿಧಿಯಲ್ಲಿ ಒಂದು ಶಾಲೆ ಕಟ್ಟಿಸಿದ. ಶಾಲೆ ಮತ್ತು ಪಾವಿಟ್ಟಗೆ ಎರಡೂ ಹೆಸರು ಕೂಡಿ ಸವೆದು ಇಂದಿನ ಸಾಲೋಟಗಿ ಆಗಿದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ ಉಳಿಯಲು 27 ಮನೆ. ದೀಪಕ್ಕೆಂದು 12 ನಿವರ್ತನ ಭೂಮಿ. ಅಧ್ಯಾಪಕನಿಗೆ 50 ನಿವರ್ತನ ಮತ್ತು ಒಂದು ಮನೆ. ನಿವರ್ತನದ ಅಳತೆ ನಾಡಿನಿಂದ ನಾಡಿಗೆ ಬೇರೆಯಾಗುತ್ತಿತ್ತು, ಆದ್ದರಿಂದ ಎಕರೆಗೆ ಇಳಿಸುವ ನನ್ನ ಎಂಜಿನಿಯರ್ ಚಟವನ್ನು ಇಲ್ಲಿ ತಡೆದುಕೊಳ್ಳುತ್ತೇನೆ. ಅನುಪಾತ ಸಾಕು: ಅಧ್ಯಾಪಕನ ಜೀವನಕ್ಕೆ ಇಟ್ಟ ಭೂಮಿಯ ಕಾಲುಭಾಗದಷ್ಟನ್ನು ಬರೀ ದೀಪದ ಎಣ್ಣೆಗೆ ಇಟ್ಟಿದ್ದಾರೆ. ಹೊತ್ತು ಮುಳುಗಿದ ಮೇಲೂ ಅಲ್ಲಿ ಓದು ನಡೆಯುತ್ತಿತ್ತು ಎಂದು ಊಹಿಸಬಹುದು.

ಆಮೇಲೆ ಬರುತ್ತದೆ ನಾನು ಮೈಕಿನಲ್ಲಿ ಹೇಳಿದ ಕಾಣಿಕೆಯ ಮಾತು. ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರ ಅರ್ಧ. ನಾನು ಇದನ್ನು ಹತ್ತಾರು ಸಲ ಓದಿದ್ದೆ. ಐದು, ಎರಡೂವರೆ, ಒಂದೂಕಾಲು ಎಂಬ ಲೆಕ್ಕದ ಅಂದ ನೋಡಿ ಖುಷಿಪಟ್ಟಿದ್ದೆ. ಆದರೆ ಉಪನಯನ ಎಂಬ ಆ ಒಂದು ಪದ ಆ ಶಾಲೆಯ ಸುತ್ತ ಬೇಲಿ ಹಾಕಿದೆ ಎಂಬುದು ಕಂಡಿರಲಿಲ್ಲ. ಯಾವ ಮನೆಗಳಲ್ಲಿ ಮುಂಜಿವಿ ನಡೆಯುತ್ತಿತ್ತೋ ಆ ಮನೆಗಳ ಪಟ್ಟಿ ಅದು. ಊರಲ್ಲಿ ಒಕ್ಕಲುತನ ಮಾಡುವವರು, ಗಾಣದವರು, ಕುಂಬಾರರು, ಅಗಸರು ಇದ್ದೇ ಇದ್ದರು. ದೀಪದ ಭೂಮಿಯನ್ನು ಉತ್ತವರು, ಎಣ್ಣೆ ತೆಗೆದವರು ಅವರೇ ಇದ್ದಾರು. "ಊರಿನ ಮನೆಮನೆಯವರೂ" ಎಂದು ಕಲ್ಲು ಎಲ್ಲೂ ಹೇಳಿಲ್ಲ, ಅದನ್ನು ಸೇರಿಸಿದವನು ನಾನು. ನನಗೆ ನೀತಿ ಮೊದಲೇ ಸಿದ್ಧವಿತ್ತು, ಶಾಸನವನ್ನು ಅದಕ್ಕೆ ಎಳೆದು ಕೂಡಿಸಿದ್ದೆ.

ಜೆರುಸಲೇಮಿನ ಇನ್ನೊಂದು ಕಲ್ಲು

ಗ್ರಂಥ ಓದಿ ಅದರಿಂದ ಬಾಳಿಗೆ ಬೇಕಾದ ಮಾತು ತೆಗೆಯುವ ಪದ್ಧತಿ ನಮ್ಮಲ್ಲಿ ಮಾತ್ರ ಇಲ್ಲ. ಯೆಹೂದಿಗಳು ತೋರಾ ಗ್ರಂಥವನ್ನು 54 ಭಾಗ ಮಾಡಿಕೊಂಡು ವಾರಕ್ಕೊಂದು ಭಾಗದಂತೆ ಓದುತ್ತಾರೆ. ಕೆಲವು ವಾರ ಎರಡು ಭಾಗ ಕೂಡಿಸುವುದೂ ಉಂಟು. ಒಂದು ವರ್ಷಕ್ಕೆ ಗ್ರಂಥ ಮುಗಿಯುತ್ತದೆ. ಮುಗಿದ ದಿನವೇ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಆ ವಾರದ ಭಾಗದಿಂದ ಈ ವಾರದ ಬದುಕಿಗೆ ಏನು ಸಿಗುತ್ತದೆ ಎಂಬುದು ಅವರ ಪ್ರವಚನದ ವಿಷಯ. ಇದಕ್ಕೆ ಶಾಸನದ ಸಾಕ್ಷಿಯೂ ಇದೆ. ಜೆರುಸಲೇಮಿನ ಹಳೆಯ ಊರಭಾಗದ ಉತ್ಖನನದಲ್ಲಿ 1913-14ರ ಹೊತ್ತಿಗೆ ಸಿಕ್ಕ ಹತ್ತು ಸಾಲಿನ ಗ್ರೀಕ್ ಶಾಸನ ಅದು. ಅಲ್ಲಿಯ ದೇವಾಲಯ ಕ್ರಿ.ಶ. 70ರಲ್ಲಿ ನಾಶವಾಗುವುದಕ್ಕೆ ಮುಂಚಿನದು ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ತಿಯೊಡೊಟೊಸ್ ಎಂಬ ಪುರೋಹಿತ ಒಂದು ಸಭಾಮಂದಿರ ಕಟ್ಟಿಸಿದ. ಅವನ ತಂದೆ, ಅಜ್ಜ ಇಬ್ಬರೂ ಸಭಾಮಂದಿರದ ಮುಖ್ಯಸ್ಥರಾಗಿದ್ದವರೇ. ಯಾತಕ್ಕೆ ಕಟ್ಟಿಸಿದ ಎಂದರೆ ಧರ್ಮಗ್ರಂಥದ ಓದಿಗೆ, ವಿಧಿಗಳ ಬೋಧನೆಗೆ. ಜೊತೆಗೆ ಪರದೇಶದಿಂದ ಬಂದವರು ಉಳಿಯಲು ಕೋಣೆಗಳು, ನೀರಿನ ವ್ಯವಸ್ಥೆ.

ಮೊದಲ ಸಲ ಇದರ ಅನುವಾದ ಓದಿದಾಗ ನನಗೆ ಸಾಲೋಟಗಿಯ 27 ಮನೆಗಳೇ ಕಣ್ಣಿಗೆ ಬಂದವು. ಎರಡೂ ಕಲ್ಲುಗಳ ನಡುವೆ ಸುಮಾರು ಒಂಬೈನೂರು ವರ್ಷ ಮತ್ತು ಒಂದು ಸಮುದ್ರದ ಅಂತರ. ಸಂಬಂಧ ಏನೂ ಇಲ್ಲ. ಆದರೂ ಓದಬೇಕಾದರೆ ಬೆಳಕು, ನೀರು, ದೂರದವನಿಗೆ ತಲೆ ಇಡಲು ಜಾಗ ಬೇಕು ಎಂಬುದನ್ನು ಎರಡು ಕಡೆಯವರೂ ಕಲ್ಲಿನಲ್ಲಿ ಕೆತ್ತಿಸಿದ್ದಾರೆ.

ಓದು ಮತ್ತು ವಕ್ಖಾಣ

ನಮ್ಮ ಶಾಸನಗಳಲ್ಲಿ ಪುರಾಣ ಓದುವ ಭಟ್ಟನಿಗೆ ಇಷ್ಟು ಮತ್ತರು, ಶಾಸ್ತ್ರ ವಕ್ಖಾಣಿಸುವ ಉಪಾಧ್ಯಾಯನಿಗೆ ಇಷ್ಟು ಎಂಬ ದತ್ತಿಗಳು ಕಾಣುತ್ತವೆ. ವಕ್ಖಾಣ ಎಂದರೆ ವ್ಯಾಖ್ಯಾನ. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನದ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಕಲಿಯುವ 52 ಮಂದಿ ವಿದ್ಯಾರ್ಥಿಗಳು, ಅವರಿಗೆ ವ್ಯಾಖ್ಯಾನಕಾರರು ಬೇರೆ, ಗ್ರಂಥ ಕಾಯುವ ಸರಸ್ವತೀ ಭಂಡಾರಿಗರು ಬೇರೆ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ವೇದ, ವ್ಯಾಕರಣ, ದರ್ಶನಗಳ ಜೊತೆ ಹದಿನೆಂಟು ಪುರಾಣಗಳನ್ನೂ ಹೆಸರಿಸುತ್ತದೆ. ಓದುವುದು ಒಂದು ಕೆಲಸ, ಅರ್ಥ ಹೇಳುವುದು ಇನ್ನೊಂದು ಕೆಲಸ ಎಂದು ಅಂದಿನವರಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಯೆಹೂದಿಗಳಲ್ಲೂ ಹಾಗೇ. ಹೀಬ್ರೂ ಮೂಲ ಓದುವವನ ಪಕ್ಕದಲ್ಲಿ ಜನರ ಆಡುಮಾತಾದ ಅರಮಾಯಿಕ್‌ನಲ್ಲಿ ಅದನ್ನು ಹೇಳುವ ಮೆತುರ್ಗೆಮಾನ್ ಒಬ್ಬ ನಿಂತಿರುತ್ತಿದ್ದ. ತೋರಾ ಓದುವಾಗ ಅವನಿಗೆ ಒಂದು ಸಲಕ್ಕೆ ಒಂದೇ ವಾಕ್ಯ ಕೊಡಬೇಕೆಂದು ಮಿಶ್ನಾದಲ್ಲಿ ನಿಯಮ ಇದೆ. ಮೂಲ ಎಲ್ಲಿ ಮುಗಿಯಿತು, ಅರ್ಥ ಎಲ್ಲಿ ಶುರುವಾಯಿತು ಎಂಬುದು ಕಲಸಿಹೋಗಬಾರದಲ್ಲ! ನಮ್ಮ ಪುರಾಣದಲ್ಲೂ ಒಂದು ಪದ್ಯ, ಅದರ ಅರ್ಥ, ಮತ್ತೆ ಒಂದು ಪದ್ಯ. ಯೆಹೂದಿ ವ್ಯಾಖ್ಯಾನಕಾರರು ಇನ್ನೂ ಒಂದು ಗೆರೆ ಎಳೆದರು. ಪದದ ನೇರ ಅರ್ಥ ಪೆಶಾತ್, ಅದನ್ನು ಬಗೆದು ತೆಗೆದ ನೀತಿ ದೆರಾಶ್. ಎರಡನೆಯದು ಎಷ್ಟೇ ಚೆಂದ ಇದ್ದರೂ ಮೊದಲನೆಯದನ್ನು ಅಳಿಸುವಂತಿಲ್ಲ. ಫ್ರಾನ್ಸಿನ ತ್ರ್ವಾ ಊರಿನ ರಾಶಿ (1040-1105) ನೇರ ಅರ್ಥಕ್ಕೆ ಕೊಟ್ಟ ಮಹತ್ವದಿಂದಲೇ ಇಂದಿಗೂ ವಾರದ ಭಾಗದ ಜೊತೆ ಅವನ ವ್ಯಾಖ್ಯಾನ ಓದುತ್ತಾರೆ. ಇತ್ತ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ ಶುರುವಾದದ್ದು 1076ರಲ್ಲಿ. ಅವನ ಕಾಲದಲ್ಲೇ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಬರೆದ. ಮಿತವಾದ ಅಕ್ಷರ, ಅಂದರೆ ಅಳತೆ ಮೀರದ ಮಾತು. ಗ್ರಂಥದ ಹೆಸರಿನಲ್ಲೇ ವ್ಯಾಖ್ಯಾನಕಾರನಿಗೆ ಬೇಕಾದ ಸಂಯಮ ಇದೆ. ಮೈಕು ಹಿಡಿದ ಸಂಜೆ ನನಗೆ ಇಲ್ಲದೆ ಹೋದದ್ದು ಅದೇ.

ಅಜ್ಜಿಯ ಪ್ರಶ್ನೆಗೆ ಬಂದ ಉತ್ತರ

ಹಾಗಾದರೆ ಮುಂಜಿವಿ ಇಲ್ಲದ ಮನೆಯ ಹುಡುಗರು ಎಲ್ಲಿ ಕೂತರು? ಸಾಲೋಟಗಿಯ ಶಾಲೆಯ ಈ ಶಾಸನದಲ್ಲಿ ಅವರಿಗೆ ಜಾಗ ಕಾಣುವುದಿಲ್ಲ. ಎರಡು ಶತಮಾನ ದಾಟಿ ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಗೆ ಬರೋಣ. ಅಲ್ಲಿಯ ಶಾಸನಗಳನ್ನು ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಬಿಜ್ಜಳನ ಕಾಲದ, 1161ರ ಶಾಸನ ಅವುಗಳಲ್ಲಿ ಮುಖ್ಯವಾದದ್ದು. ಮನಗೂಳಿಯ ದತ್ತಿಗಳಲ್ಲಿ ಕೌಮಾರ ವ್ಯಾಕರಣ ಹೇಳುವ ಅಧ್ಯಾಪಕನಿಗೆ ಬಿಟ್ಟ ಭೂಮಿಯೂ ಇದೆ. ಅಂದರೆ ಸಂಸ್ಕೃತ ಕಲಿಸುವ ಹಳೆಯ ವ್ಯವಸ್ಥೆ ನಡೆದೇ ಇತ್ತು.

ಅದೇ ಕಾಲಕ್ಕೆ, ಅದೇ ಬಿಜ್ಜಳನ ರಾಜ್ಯದಲ್ಲಿ, ಬಾಗೇವಾಡಿಯ ಹುಡುಗನೊಬ್ಬ ಬೇರೆ ದಾರಿ ಹಿಡಿದಿದ್ದ. ಹರಿಹರನ ರಗಳೆಯಲ್ಲಿ ಬಸವಣ್ಣ ಜನಿವಾರ ತೊರೆದು ಸಂಗಮಕ್ಕೆ ಹೋಗುತ್ತಾನೆ. ಭೀಮಕವಿಯ 1369ರ ಬಸವಪುರಾಣದಲ್ಲಿ ಉಪನಯನವನ್ನೇ ಒಲ್ಲೆ ಎನ್ನುತ್ತಾನೆ. ಇವು ಕಾವ್ಯಗಳು, ಶಾಸನಗಳಲ್ಲ, ಆ ಎಚ್ಚರ ಬೇಕು. ಶಾಸನದ ಆಧಾರ ಬೇಕೆಂದರೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಸೇವುಣರ ಕಾಲದ ಕಲ್ಲು ಇದೆ. ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗ ಎಂದು ಅದು ಬಸವಣ್ಣನನ್ನು ಗುರುತಿಸುತ್ತದೆ. ಉಪನಯನದ ಕಥೆ ಅದರಲ್ಲಿ ಇಲ್ಲ. ಆದರೆ ಮುಂಜಿವಿಯನ್ನು ಬಾಗಿಲು ಮಾಡಿಕೊಂಡಿದ್ದ ಓದಿನ ಲೋಕದಿಂದ ಹೊರಗೆ ಬಂದು, ಅರ್ಥ ಹೇಳುವ ಕೆಲಸವನ್ನು ಆಡುಗನ್ನಡಕ್ಕೆ ತಂದವರು ಶರಣರು ಎಂಬುದಕ್ಕೆ ವಚನಗಳೇ ಸಾಕ್ಷಿ. ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಬಟ್ಟೆ ತೊಳೆಯುವ ಕಾಯಕದವನು ವಚನ ಹೇಳಿದ. ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ನೀಲಮ್ಮನ ನೆನಪು ಇದೆ. ಹೆಣ್ಣುಮಗಳು ವಚನ ಹೇಳಿದಳು. ಆ ನಾಲ್ಕು ತಾಲೂಕಿನ ನೆಲದಲ್ಲೇ ಅಜ್ಜಿಯ ಪ್ರಶ್ನೆಯೂ ಇದೆ, ಉತ್ತರದ ಆರಂಭವೂ ಇದೆ.

ಮುಂದೆ ಆ ವಚನಗಳನ್ನು ತಾಳೆಗರಿಯಿಂದ ಎತ್ತಿ 1923ರಲ್ಲಿ ವಚನಶಾಸ್ತ್ರಸಾರ ಎಂದು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲೇ ನೆಲೆಸಿದವರು. 'ಶಾಸನಗಳಲ್ಲಿ ಶಿವಶರಣರು' ಬರೆದ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲೂಕಿನವರು. ಗದುಗಿನ ತೋಂಟದಾರ್ಯ ಮಠದಲ್ಲಿ ಪ್ರತಿ ಸೋಮವಾರ ಶಿವಾನುಭವ ನಡೆಯುತ್ತದೆ, ವಾರಕ್ಕೊಮ್ಮೆ ಕೂತು ಮಾತು ಕೇಳುವ ಪದ್ಧತಿ ನಮ್ಮಲ್ಲೂ ಗಟ್ಟಿಯಾಗಿಯೇ ಉಳಿದಿದೆ. ಬಾಗೇವಾಡಿ ಹತ್ತಿರದ ಇಂಗಳೇಶ್ವರದಲ್ಲಿ ನಮ್ಮ ಕಾಲದವರೇ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಶಿಲಾಮಂಟಪ ಮಾಡಿದ್ದಾರೆ. ಅಲ್ಲಿ ನಿಂತರೆ ನನ್ನಂಥವನಿಗೆ ವಿಚಿತ್ರ ಅನ್ನಿಸುತ್ತದೆ. ಆಡಿದ ಮಾತು ತಾಳೆಗರಿಗೆ, ಅಚ್ಚಿಗೆ, ಕೊನೆಗೆ ಶಾಸನಕ್ಕೆ ಬಂದಿದೆ. ಸಾವಿರ ವರ್ಷದ ನಂತರ ಯಾರೋ ಒಬ್ಬ ಅವುಗಳ ಪಡಿಯಚ್ಚು ತೆಗೆದು ಪಾಠ ಸಿದ್ಧಪಡಿಸಬಹುದು.

ಮರುದಿನ ಸಂಜೆ ನಾನು ಮತ್ತೆ ಪುರಾಣಕ್ಕೆ ಹೋದೆ. ಮಂಗಲಕ್ಕೆ ಮುಂಚೆ ಎರಡು ನಿಮಿಷ ಕೇಳಿಕೊಂಡು ಮೈಕು ತಗೊಂಡೆ. ನಿನ್ನೆ ನಾನು ಹೇಳಿದ್ದು ತಪ್ಪು, ಊರಿನ ಎಲ್ಲರೂ ಅಂತ ಕಲ್ಲಿನಲ್ಲಿ ಇಲ್ಲ, ಮುಂಜಿವಿ ಮಾಡುವ ಮನೆಗಳವರು ಕೊಟ್ಟರು ಅಂತಷ್ಟೇ ಇದೆ ಎಂದು ಹೇಳಿದೆ. ಅಜ್ಜಿ ಅದೇ ಕಂಬಕ್ಕೆ ಒರಗಿ ಕೂತಿದ್ದಳು. ತಲೆ ಆಡಿಸಿ, "ಮತ್ತ ಹಂಗ ಹೇಳು" ಅಂದಳು, ಅಷ್ಟೇ.

ಅಂದಿನಿಂದ ಯಾವ ದತ್ತಿಶಾಸನ ಓದಿದರೂ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಮೊದಲು ಅಕ್ಷರ, ಆಮೇಲೆ ಪದದ ಅರ್ಥ. ಆಮೇಲೆ ಹಾಳೆಯ ಒಂದು ಬದಿಗೆ ಕೊಟ್ಟವರು ಯಾರು, ಪಡೆದವರು ಯಾರು ಎಂದು ಬರೆದು, ಇನ್ನೊಂದು ಬದಿಗೆ ಆ ಊರಿನಲ್ಲಿ ಇದ್ದೂ ಕಲ್ಲಿನಲ್ಲಿ ಇಲ್ಲದವರು ಯಾರಿರಬಹುದು ಎಂದು ಬರೆಯುತ್ತೇನೆ. ನೀತಿಯ ಮಾತು ಏನಾದರೂ ಇದ್ದರೆ ಅದು ಕೊನೆಗೆ. ನಿಮ್ಮೂರಿನ ಶಾಸನದಲ್ಲಿ ಪುರಾಣ ಓದುವವರಿಗೆ, ವಕ್ಖಾಣಿಸುವವರಿಗೆ, ದೀವಿಗೆಯ ಎಣ್ಣೆಗೆ ಬಿಟ್ಟ ಭೂಮಿಯ ಉಲ್ಲೇಖ ಕಂಡರೆ ಆ ಸಾಲುಗಳನ್ನು ನಿಧಾನವಾಗಿ ಓದಿ. ಹಾಳೆಯ ಇನ್ನೊಂದು ಬದಿಯನ್ನೂ ಖಾಲಿ ಬಿಡಬೇಡಿ.