ಕೂಟಶಾಸನದಿಂದ ಕೂಟಪತ್ರಿಕೆಯವರೆಗೆ

ಉತ್ತರ ಪ್ರದೇಶದ ಮಧುಬನದಲ್ಲಿ ದೊರೆತ ಹರ್ಷವರ್ಧನನ ತಾಮ್ರಪಟವು (ಸು. ಕ್ರಿ.ಶ. 631) ಒಂದು ಸ್ವಾರಸ್ಯಕರ ಸಂಗತಿಯನ್ನು ದಾಖಲಿಸಿದೆ. ಸೋಮಕುಂಡಕಾ ಎಂಬ ಗ್ರಾಮವನ್ನು ವಾಮರಥ್ಯನೆಂಬ ಬ್ರಾಹ್ಮಣನು ‘ಕೂಟಶಾಸನ’ದ ಬಲದಿಂದ ಅನುಭವಿಸುತ್ತಿದ್ದನು. ಅದು ಖೋಟಾ ಎಂಬುದು ಸ್ಪಷ್ಟವಾದೊಡನೆ ಅರಸನು ಆ ಪಟವನ್ನು ಒಡೆಸಿ, ಗ್ರಾಮವನ್ನು ಹಿಂಪಡೆದು, ಬೇರೆ ಇಬ್ಬರಿಗೆ ದತ್ತಿಯಾಗಿ ಕೊಟ್ಟನು. ಕರ್ನಾಟಕದ ಶಾಸನಾಧ್ಯಯನಕ್ಕೂ ಈ ಸಮಸ್ಯೆ ಹೊಸದಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಕೂಟವೆಂದು ತಳ್ಳಿಹಾಕಿದರೆ, ಬಿ.ಎಲ್. ರೈಸ್ ಅವುಗಳ ಪರವಾಗಿ ವಾದಿಸಿದರು. ಲಿಪಿ, ತಿಥಿ, ವಂಶಾವಳಿ, ಭಾಷೆ ಇವುಗಳನ್ನು ಒರೆಗೆ ಹಚ್ಚದೆ ಯಾವ ಪಟವನ್ನೂ ನಂಬಬಾರದೆಂಬ ಶಿಸ್ತು ಇಂತಹ ಚರ್ಚೆಗಳಿಂದಲೇ ಬಲಗೊಂಡಿತು.

ಕೂಟಶಾಸನವು ನಿಜಶಾಸನದ ಬಾಹ್ಯರೂಪವನ್ನು ಅನುಕರಿಸುತ್ತದೆ. ಅದರ ಗುರಿ ಮಾತ್ರ ಲಾಭ. ಇಂದಿನ ವಿದ್ವತ್ ಪ್ರಪಂಚವನ್ನು ಕಾಡುತ್ತಿರುವ ‘ಪರಭಕ್ಷಕ ಪತ್ರಿಕೆ’ಗಳ ಸ್ವರೂಪವೂ ಇದೇ. ಸಂಪಾದಕ ಮಂಡಳಿ, ಸಂಪುಟ, ಸಂಚಿಕೆ, ಐಎಸ್ಎಸ್ಎನ್ ಎಲ್ಲವೂ ಅಲ್ಲಿ ಕಾಣಿಸುತ್ತವೆ. ಪತ್ರಿಕೆಯ ಪ್ರಾಣವಾದ ವಿದ್ವತ್ ಪರಿಶೀಲನೆಯೊಂದೇ ಇರುವುದಿಲ್ಲ. ಲೇಖಕನು ಹಣ ತೆತ್ತರೆ ಲೇಖನ ಅಚ್ಚಾಗುತ್ತದೆ.

1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡೆನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಸಂಶೋಧನ ಪತ್ರಿಕೆಗಳನ್ನು ಬಹುಮಟ್ಟಿಗೆ ಉಳಿಸಿದವರು ಚಂದಾದಾರರು ಹಾಗೂ ವಿದ್ವತ್ಸಂಸ್ಥೆಗಳು. ಅಂತರ್ಜಾಲದ ಕಾಲದಲ್ಲಿ ಓದುಗರಿಗೆ ಉಚಿತವಾಗಿ ದೊರೆಯುವ ‘ಮುಕ್ತ ಪ್ರವೇಶ’ದ ಪದ್ಧತಿ ಬಂದಾಗ, ಅನೇಕ ಕಡೆಗಳಲ್ಲಿ ವೆಚ್ಚದ ಭಾರ ಲೇಖಕನ ಮೇಲೆ ಬಿದ್ದಿತು. ಉದ್ದೇಶ ಉದಾತ್ತವಾಗಿದ್ದರೂ, ಲೇಖನಗಳನ್ನು ತಿರಸ್ಕರಿಸಿದಷ್ಟೂ ಆದಾಯ ಕುಗ್ಗುವ ಸ್ಥಿತಿ ವಂಚಕರಿಗೆ ವರವಾಯಿತು. ಇಂತಹ ಪ್ರಕಾಶಕರಿಗೆ ‘ಪರಭಕ್ಷಕ’ ಎಂಬ ಹೆಸರಿಟ್ಟವರು ಕೊಲರಾಡೊ ವಿಶ್ವವಿದ್ಯಾಲಯದ ಗ್ರಂಥಪಾಲಕ ಜೆಫ್ರಿ ಬೀಲ್. ಅವರು ನಡೆಸುತ್ತಿದ್ದ ಪಟ್ಟಿ 2017ರ ಜನವರಿಯಲ್ಲಿ ಮರೆಯಾಯಿತು.

2013ರಲ್ಲಿ ಜಾನ್ ಬೊಹಾನನ್ ಬೇಕೆಂದೇ ದೋಷಗಳನ್ನು ತುಂಬಿದ ವಿಜ್ಞಾನ ಲೇಖನವೊಂದರ ರೂಪಾಂತರಗಳನ್ನು 304 ಪತ್ರಿಕೆಗಳಿಗೆ ಕಳುಹಿಸಿದಾಗ 157 ಪತ್ರಿಕೆಗಳು ಒಪ್ಪಿಕೊಂಡವು. ಪೋಲೆಂಡಿನ ಸಂಶೋಧಕರು ‘ಅನ್ನಾ ಓ. ಶುಸ್ಟ್’ ಎಂಬ ಕಲ್ಪಿತ ವ್ಯಕ್ತಿಯ ಹೆಸರಿನಲ್ಲಿ 360 ಪತ್ರಿಕೆಗಳಿಗೆ ಸಂಪಾದಕತ್ವವನ್ನು ಕೋರಿದರು. 48 ಪತ್ರಿಕೆಗಳು ಆಕೆಯನ್ನು ಸಂಪಾದಕಿಯನ್ನಾಗಿ ಸ್ವೀಕರಿಸಿದವು. ‘ಓಶುಸ್ಟ್’ ಎಂದರೆ ಪೋಲಿಷ್ ಭಾಷೆಯಲ್ಲಿ ವಂಚಕ ಎಂದರ್ಥ.

ಭಾರತದಲ್ಲಿ ಈ ವ್ಯಾಪಾರ ಬೆಳೆದುದಕ್ಕೆ ಎಣಿಕೆಯ ವ್ಯವಸ್ಥೆಯೂ ಕಾರಣ. ಪಿಎಚ್.ಡಿ. ಪ್ರಬಂಧವನ್ನು ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮ ವಿಧಿಸಿತು. 2010ರ ನಿಯಮಾವಳಿಯು ಅಧ್ಯಾಪಕರ ಪ್ರಕಟಣೆಗಳಿಗೆ ಅಂಕ ಕೊಟ್ಟಿತು. ಪ್ರಕಟಣೆಯ ಗುರುತಿಗಾಗಿ ಮಾತ್ರ ಇರುವ ಐಎಸ್ಎಸ್ಎನ್ ಸಂಖ್ಯೆಯನ್ನೇ ಅನೇಕರು ಗುಣಮಟ್ಟದ ಮುದ್ರೆಯೆಂದು ಭಾವಿಸಿದರು. 2017ರಲ್ಲಿ ಆಯೋಗವೇ ಅನುಮೋದಿತ ಪತ್ರಿಕೆಗಳ ಪಟ್ಟಿಯನ್ನು ಹೊರತಂದಿತು. ಮರುವರ್ಷ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು, ಆ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ಸೂಚಿಸಿದ್ದ 1,009 ಪತ್ರಿಕೆಗಳನ್ನು ಪರಿಶೀಲಿಸಿದಾಗ ಶೇ. 88ಕ್ಕೂ ಹೆಚ್ಚಿನವು ಅನರ್ಹವೆಂದು ಕಂಡವು. 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕೈಬಿಡಲಾಯಿತು. 2019ರಲ್ಲಿ ಬಂದ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಆಯೋಗ ನಿಲ್ಲಿಸಿತು. ಪತ್ರಿಕೆಯ ಯೋಗ್ಯತೆಯನ್ನು ನಿರ್ಣಯಿಸುವ ಹೊಣೆ ವಿದ್ಯಾಸಂಸ್ಥೆಗಳಿಗೆ ಮರಳಿತು.

ಪಟ್ಟಿಗಳ ಮಿತಿಯನ್ನು ತೋರಿಸಿಕೊಟ್ಟವು ‘ತದ್ರೂಪಿ ಪತ್ರಿಕೆ’ಗಳು. ಪಟ್ಟಿಯಲ್ಲಿರುವ ಪ್ರಾಮಾಣಿಕ ಪತ್ರಿಕೆಯೊಂದರ ಹೆಸರು, ಸಂಖ್ಯೆಗಳನ್ನು ಕದ್ದು ಬೇರೊಂದು ಜಾಲತಾಣವನ್ನು ತೆರೆಯುವುದು ಇವುಗಳ ವಿಧಾನ. ನಿಜವಾದ ಅರಸನ ಹೆಸರನ್ನೂ ಮುದ್ರೆಯನ್ನೂ ಧರಿಸಿದ ಕೂಟಶಾಸನಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಪಟ್ಟಿಯಲ್ಲಿ ಹೆಸರನ್ನಷ್ಟೇ ನೋಡುವವನು ಮೋಸಹೋಗುತ್ತಾನೆ.

ಭಾಷಾಸಾಹಿತ್ಯಗಳ ವಿದ್ಯಾರ್ಥಿಗೆ ಇದರಿಂದಾಗುವ ಹಾನಿ ಹಣದ್ದು ಮಾತ್ರವಲ್ಲ. ಪರಿಶೀಲನೆಯಿಲ್ಲದೆ ಅಚ್ಚಾದ ತಪ್ಪು ಶಾಸನಪಾಠ ಅಥವಾ ಕವಿಕಾಲನಿರ್ಣಯವು ಉಲ್ಲೇಖದಿಂದ ಉಲ್ಲೇಖಕ್ಕೆ ದಾಟಿ ಪ್ರಮಾಣದ ವೇಷ ತೊಡುತ್ತದೆ. ಅಂತಹ ಪತ್ರಿಕೆಯಲ್ಲಿ ಸೇರಿಹೋದ ಒಳ್ಳೆಯ ಲೇಖನವೂ ಸಂಶಯಕ್ಕೊಳಗಾಗುತ್ತದೆ. ಅರಿಯದೆ ಕೊಟ್ಟ ಯುವ ಸಂಶೋಧಕನ ವರ್ಷಗಳ ಶ್ರಮ ವ್ಯರ್ಥವಾಗುತ್ತದೆ. ಇನ್ನೊಂದು ಎಚ್ಚರವೂ ಅಗತ್ಯ: ಅಂತರರಾಷ್ಟ್ರೀಯ ಸೂಚಿಗಳಲ್ಲಿ ಇಲ್ಲವೆಂಬ ಕಾರಣಕ್ಕೆ ದೇಶಭಾಷೆಯ ಸಣ್ಣ ಪತ್ರಿಕೆಯನ್ನು ಕೂಟವೆನ್ನುವುದು ಅನ್ಯಾಯ. ಎ.ಆರ್. ಕೃಷ್ಣಶಾಸ್ತ್ರಿಗಳು ಬೆಳೆಸಿದ ‘ಪ್ರಬುದ್ಧ ಕರ್ಣಾಟಕ’ಕ್ಕೆ ಗೌರವ ತಂದುದು ಸೂಚ್ಯಂಕವಲ್ಲ, ಸಂಪಾದಕರ ವಿವೇಕ.

ಶಾಸನವನ್ನು ಪರೀಕ್ಷಿಸುವ ಕ್ರಮವೇ ಇಲ್ಲಿಯೂ ದಾರಿ ತೋರಬಲ್ಲದು. ಸಂಪಾದಕರೆಂದು ಹೆಸರಿಸಲ್ಪಟ್ಟವರು ಆ ಹೊಣೆಯನ್ನು ನಿಜವಾಗಿಯೂ ಹೊತ್ತಿದ್ದಾರೆಯೇ? ಪರಿಶೀಲಕರ ಆಕ್ಷೇಪಗಳು ಲೇಖಕನಿಗೆ ತಲುಪುತ್ತವೆಯೇ, ಅಥವಾ ಎರಡೇ ದಿನಗಳಲ್ಲಿ ಸ್ವೀಕೃತಿಪತ್ರ ಬರುತ್ತದೆಯೇ? ಶುಲ್ಕವನ್ನು ಮೊದಲೇ ತಿಳಿಸಲಾಗಿದೆಯೇ? ಸಾಹಿತ್ಯ, ವಾಣಿಜ್ಯ, ತಂತ್ರಜ್ಞಾನಗಳು ಒಂದೇ ಸಂಚಿಕೆಯಲ್ಲಿ ತುಂಬಿವೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಸಂಚಿಕೆಗಳಲ್ಲಿ ಓದತಕ್ಕ ಲೇಖನಗಳಿವೆಯೇ? ಕೊನೆಯ ಪ್ರಶ್ನೆಗೆ ಉತ್ತರವನ್ನು ಯಾವ ಪಟ್ಟಿಯೂ ಕೊಡಲಾರದು. ಆ ಸಂಚಿಕೆಗಳನ್ನು ಸಂಶೋಧಕನೇ ತೆರೆದು ಓದಬೇಕು.